ಗುಜರಿ ಮಾವನ ತಗಡಿನ ಗೋಡೆ

ಮಾವ ಮಗಳ ಮನೆಗೆ ಬಂದು ನೆಲೆಸಿದ ದಿನ ಅವರ ಬಳಿ ಇದ್ದ ಸಾಮಾನು ಎರಡೇ. ಒಂದು ಬಟ್ಟೆಯ ಕೈಚೀಲ, ಇನ್ನೊಂದು ಎತ್ತಲು ಇಬ್ಬರು ಬೇಕಾದ ಕಬ್ಬಿಣದ ಪೆಟ್ಟಿಗೆ. ಅಳಿಯ ಪೆಟ್ಟಿಗೆಯ ಒಂದು ತುದಿ ಹಿಡಿದು ಮೆಟ್ಟಿಲು ಹತ್ತುವಾಗ, ಪಾಪ, ತೀರಿಹೋದ ಅತ್ತೆಯ ಪಾತ್ರೆಪಡಗ ಇರಬೇಕು ಎಂದುಕೊಂಡು ಬಹಳ ಗೌರವದಿಂದ ಹೆಜ್ಜೆ ಇಟ್ಟ. ತೆರೆದು ನೋಡಿದರೆ ಅರಗಳು, ಉಳಿಗಳು, ಗರಗಸದ ಬ್ಲೇಡುಗಳು, ಮರದ ದಪ್ಪ ಸುತ್ತಿಗೆ. ಹೊದೆಯಲು ಒಂದು ಚಾದರವೂ ಇರಲಿಲ್ಲ.

“ಅಪ್ಪಾ, ಕಂಬಳಿ ಎಲ್ಲಿ?” ಎಂದಳು ಮಗಳು.

“ಜಾಗ ಸಾಲಲಿಲ್ಲ ಕಣೇ. ನಿಮ್ಮನೇಲಿ ಇರುತ್ತಲ್ಲ,” ಎಂದರು ಮಾವ.

ಅವರು ನೂಲಿನ ಗಿರಣಿಯೊಂದರ ರಿಪೇರಿ ವಿಭಾಗದಲ್ಲಿ ಫಿಟ್ಟರಾಗಿದ್ದವರು. ತಲೆಗೂದಲು ಕಪ್ಪಾಗಿದ್ದಾಗ ಒಳಗೆ ಹೋಗಿ ಬೆಳ್ಳಗಾದ ಮೇಲೆ ಹೊರಗೆ ಬಂದವರು. ಗಿರಣಿಯ ಸದ್ದಿನಲ್ಲಿ ಪಕ್ಕದವನು ಕೂಗಿದರೂ ಕೇಳಿಸದು. ಹಾಗಾಗಿ ಅಲ್ಲಿನವರದೆಲ್ಲ ಕೈಸನ್ನೆಯ ಮಾತು. ಆ ಅಭ್ಯಾಸ ಮನೆಗೂ ಬಂದು, ಮಗಳೂ ಅದನ್ನೇ ಕಲಿತು ಬೆಳೆದಿದ್ದಳು. ಮಹಡಿಯ ಕಿಟಕಿಯಿಂದ ಅವಳು ಕೈಬೆರಳು ಮಡಿಸಿ ತೋರಿಸಿದರೆ ಊಟಕ್ಕೆ ಬಾ ಎಂದು, ಬೀದಿಯಲ್ಲಿ ನಿಂತ ಮಾವ ಅಂಗೈ ಅಲ್ಲಾಡಿಸಿದರೆ ಸ್ವಲ್ಪ ತಾಳು ಎಂದು. ನಡುವೆ ನಿಂತ ಅಳಿಯನಿಗೆ ತನ್ನ ಬಗ್ಗೆಯೇ ಏನೋ ಆಡಿಕೊಳ್ಳುತ್ತಿದ್ದಾರೆ ಎಂಬ ಗುಮಾನಿ. ಒಮ್ಮೊಮ್ಮೆ ಅದು ನಿಜವೂ ಆಗಿತ್ತು.

ಮನೆ ಮೇಲೆ, ಅಳಿಯನ ವರ್ಕ್‌ಶಾಪ್ ಕೆಳಗೆ. ನೀರಿನ ಪಂಪು, ಜನರೇಟರು, ಬೀದಿಯ ತುದಿಯ ಹೊಳೆಯಲ್ಲಿ ಓಡಾಡುವ ದೋಣಿಗಳ ಎಂಜಿನ್ನು, ಹೀಗೆ ತಿರುಗುವುದು ಏನೇ ಇದ್ದರೂ ನಿಂತಾಗ ಅಲ್ಲಿಗೆ ಬರುತ್ತಿತ್ತು. ಕೆಲಸಗಾರ ಒಳ್ಳೆಯವನೇ. ಆದರೆ ವರ್ಕ್‌ಶಾಪ್ ಮಾತ್ರ ಆ ದೇವರಿಗೇ ಪ್ರೀತಿ. ನಡುವಿನಲ್ಲಿ ಅಡ್ಡಕ್ಕೆ ಕತ್ತರಿಸಿದ ಎಣ್ಣೆಯ ಡ್ರಮ್ಮು, ಅದರ ತುಂಬ ಸ್ಪ್ಯಾನರು, ಸ್ಕ್ರೂಡ್ರೈವರು, ಸುತ್ತಿಗೆ, ಇಕ್ಕಳ ಎಲ್ಲ ಒಂದರ ಮೇಲೊಂದು. ಏನಾದರೂ ಬೇಕೆಂದರೆ ಅಳಿಯ ಅಂಗಿಯ ತೋಳು ಮಡಿಸಿ ಮೊಣಕೈವರೆಗೆ ಕೈ ಹಾಕಿ ಕಲಕುತ್ತಿದ್ದ. ಆ ಸದ್ದಿಗೆ ಎದುರು ಮನೆಯ ನಾಯಿ ಎದ್ದು ಬೊಗಳುತ್ತಿತ್ತು.

ಮಾವ ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದರು.

“ಅಳಿಯಂದ್ರೇ, ಸಾಮಾನೆಲ್ಲ ಎಲ್ಲೆಲ್ಲಿ ಇಟ್ಟಿದೀರ ಅಂತ ನಿಮಗೆ ಗೊತ್ತಾಗುತ್ತಾ?”

“ಚೆನ್ನಾಗಿ ಗೊತ್ತಾಗುತ್ತೆ ಮಾವ.”

“ಹದಿನೇಳರ ರಿಂಗ್ ಸ್ಪ್ಯಾನರ್ ಎಲ್ಲಿದೆ?”

“ಡ್ರಮ್ಮಲ್ಲಿ.”

“ಇಕ್ಕಳ?”

“ಡ್ರಮ್ಮಲ್ಲಿ.”

ಮಾವ ತಲೆಯಾಡಿಸಿ ಹೊರಗೆ ಹೋದರು. ಮರುದಿನದಿಂದ ಅವರು ಗುಜರಿ ಅಂಗಡಿಯ ಖಾಯಂ ಗಿರಾಕಿಯಾದರು. ಗುಜರಿಯವನು ಬೇಡವೆಂದು ಬದಿಗೆ ಎಸೆದದ್ದೇ ಇವರಿಗೆ ಬೇಕು. ಹಳೆಯ ಬಸ್ಸಿನ ಪಕ್ಕೆಯ ತಗಡು, ಮುರಿದ ಮಂಚದ ಕಬ್ಬಿಣದ ಪಟ್ಟಿ, ತುಕ್ಕು ಹಿಡಿದ ಸೈಲೆನ್ಸರ್ ಕೊಳವೆ, ಬಟ್ಟೆ ಒಗೆಯುವ ಯಂತ್ರದ ತೂತು ತೂತಿನ ಡ್ರಮ್ಮು, ಸವೆದುಹೋದ ಬೇರಿಂಗಿನ ಬಳೆಗಳು. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಳ್ಳಿಕೊಂಡು ಬರುವರು. ಬೀದಿಯವರು ಗುಜರಿ ಮಾವ ಎಂದು ಹೆಸರಿಟ್ಟರು. ಅಳಿಯನಿಗೆ ಮುಖ ತೋರಿಸಲು ನಾಚಿಕೆ. ನನ್ನ ಮಾವನನ್ನು ನಾನೇ ಗುಜರಿ ಆಯಲು ಬಿಟ್ಟಿದ್ದೇನೆ ಎಂದು ಜನ ಆಡಿಕೊಳ್ಳುವುದಿಲ್ಲವೇ? ಹೆಂಡತಿಗೆ ಹೇಳಿದ. ಅವಳು “ನೀವೇ ಹೇಳಿ ನೋಡಿ” ಎಂದು ನಕ್ಕಳು. ಅವನು ಹೇಳಲಿಲ್ಲ.

ಆಮೇಲೆ ಕೆಲಸ ಶುರುವಾಯಿತು. ಅದನ್ನು ನೋಡಿಯೇ ತಿಳಿಯಬೇಕು. ಮಾವ ತಗಡನ್ನು ಮರಳಿನ ಮೂಟೆಯ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿಯುತ್ತಾ ಕೂತರೆ, ಕಬ್ಬಿಣದ ಸುತ್ತಿಗೆಯ ಒರಟು ಸದ್ದಿಲ್ಲ, ಯಾರೋ ಹಿಟ್ಟು ತಟ್ಟುತ್ತಿದ್ದಾರೆ ಎನ್ನಬೇಕು, ಅಷ್ಟು ಮೆತ್ತಗೆ. ಡೊಂಕು ತಗಡು ಹೊತ್ತು ಇಳಿಯುವಷ್ಟರಲ್ಲಿ ಮೇಜಿನಂತೆ ನೆಟ್ಟಗಾಗುತ್ತಿತ್ತು. ಅದರ ಮೇಲೆ ಸ್ಪ್ಯಾನರ್ ಮಲಗಿಸಿ, ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಉಳಿಯಿಂದ ಒಳಗೆ ಅದೇ ಆಕಾರದ ಗೂಡು ಕತ್ತರಿಸಿ, ಗೆರೆಯವರೆಗೆ ಅರದಿಂದ ತೀಡುವರು. ತೀಡುವುದು, ಸ್ಪ್ಯಾನರ್ ಇಟ್ಟು ನೋಡುವುದು, ಮತ್ತೆ ತೀಡುವುದು. ಅಂಚು ನುಣುಪಾಯಿತೋ ಇಲ್ಲವೋ ಎಂದು ನೋಡಲು ಬೆರಳು ಸವರುತ್ತಿರಲಿಲ್ಲ. “ಬೆರಳಿನ ಚರ್ಮ ದಡ್ಡು ಬಿದ್ದಿದೆ, ಅದು ಸುಳ್ಳು ಹೇಳುತ್ತೆ,” ಎಂದು ಮಣಿಕಟ್ಟಿನ ಒಳಭಾಗವನ್ನು ಅಂಚಿಗೆ ಒತ್ತಿ ಎಳೆಯುವರು. ನೋಡುತ್ತಿದ್ದ ಅಳಿಯನಿಗೆ ಮೈ ಜುಮ್ಮೆನ್ನುತ್ತಿತ್ತು. ಗೀರು ಬೀಳದಿದ್ದರೆ ಆ ಗೂಡು ಮುಗಿಯಿತು ಎಂದು ಅರ್ಥ.

ಒಂದೊಂದಕ್ಕೂ ಹೀಗೆ ಒಂದೊಂದು ಗೂಡು. ಒಂದರ ಗೂಡಿಗೆ ಇನ್ನೊಂದು ಹೋಗುವುದಿಲ್ಲ. ಸೈಲೆನ್ಸರ್ ಕೊಳವೆಯ ತುಂಡುಗಳಲ್ಲಿ ಸುತ್ತಿಗೆಗಳ ಹಿಡಿಕೆ ಇಳಿದು ನಿಂತವು. ಬೇರಿಂಗಿನ ಬಳೆಗಳಲ್ಲಿ ಇಕ್ಕಳಗಳು ಕಾಲು ಚಾಚಿ ನೇತಾಡಿದವು. ಒಗೆಯುವ ಯಂತ್ರದ ಡ್ರಮ್ಮನ್ನು ಒಂದು ಗೂಟಕ್ಕೆ ಸಿಕ್ಕಿಸಿ ತಿರುಗುವಂತೆ ಮಾಡಿ, ತೂತು ತೂತಿಗೂ ಸ್ಕ್ರೂಡ್ರೈವರ್ ಇಳಿಬಿಟ್ಟರು. ಬೆರಳಲ್ಲಿ ತಳ್ಳಿದರೆ ಸಾಕು, ಬೇಕಾದದ್ದು ತಾನಾಗಿ ಎದುರಿಗೆ ಬಂದು ನಿಲ್ಲುತ್ತಿತ್ತು. ಬಸ್ಸಿನ ಆ ತಗಡು ಇಡಿಯಾಗಿ ಗೋಡೆಗೆ ಏರಿದ ದಿನ ಅಳಿಯ ಎದುರಿಗೆ ನಿಂತು ಬಾಯಿ ತೆರೆದದ್ದು ಮುಚ್ಚಲಿಲ್ಲ. ಅವನ ಅದೇ ಹಳೆಯ ಸಾಮಾನು, ಅದೇ ಡ್ರಮ್ಮಿನಲ್ಲಿ ಕೊಳೆಯುತ್ತಿದ್ದದ್ದು. ಈಗ ಒಂದೊಂದೂ ತನ್ನ ಜಾಗದಲ್ಲಿ ನಿಂತು ಅವನನ್ನೇ ನೋಡುತ್ತಿತ್ತು. ಇಷ್ಟು ದಿನ ನಾನು ಇವುಗಳಿಗೆ ಎಂಥ ಅನ್ಯಾಯ ಮಾಡಿದೆ ಎನ್ನಿಸಿತು. ಅದನ್ನು ಹೇಳಲು ಬಾಯಿ ಬಾರದೆ “ಗೋಡೆ ತಡೆಯುತ್ತಾ ಮಾವ, ಇಷ್ಟು ಭಾರ?” ಎಂದ.

ಮಾವ ಮುಷ್ಟಿ ಕಟ್ಟಿ ಗೋಡೆಗೆ ಗುದ್ದಿದರು. ತಗಡು ಗುಂಯ್ ಎಂದಿತು. ಒಂದು ಸಾಮಾನೂ ಬೀಳಲಿಲ್ಲ. ಆಮೇಲೆ ಒಂದೇ ಬೆರಳು ಚಾಚಿ ಒಂದು ಸ್ಪ್ಯಾನರನ್ನು ಮೀಟಿದರು. ಅದು ಕೈಗೆ ಬಂದು ಕೂತಿತು.

“ಗುದ್ದಿದರೆ ಬೀಳಬಾರದು, ಕರೆದರೆ ಒಂದು ಬೆರಳಿಗೆ ಬರಬೇಕು. ಅಷ್ಟೇ. ಇನ್ನೊಂದು ಮಾತು, ಅಳಿಯಂದ್ರೇ. ಸಂಜೆ ಒಂದೇ ಒಂದು ಗೂಡು ಖಾಲಿ ಕಂಡರೂ ಬಾಗಿಲು ಹಾಕಬೇಡಿ. ಗೋಡೇಲಿ ಇಲ್ಲ ಅಂದ್ರೆ ಯಾವುದೋ ಯಂತ್ರದ ಹೊಟ್ಟೇಲಿ ಇದೆ ಅಂತ.”

ಅಂದಿನಿಂದ ಸಂಜೆಯ ಹೊತ್ತಿಗೆ ಮಾವ ಕೆಳಗೆ ಇಳಿದು ಬಂದು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸುವ ರೂಢಿಯಾಯಿತು. ಒಂದೊಂದನ್ನೂ ಮುಟ್ಟುವರು. ಅಳಿಯ ಪಕ್ಕದಲ್ಲಿ ಕೈಕಟ್ಟಿ ನಿಂತಿರಬೇಕು, ಶಾಲೆಯಲ್ಲಿ ಲೆಕ್ಕ ತೋರಿಸಲು ನಿಂತವನ ಹಾಗೆ. ಒಂದು ಖಾಲಿ ಕಂಡರೆ ಮಾವ ಬಯ್ಯುತ್ತಿರಲಿಲ್ಲ. ಸುಮ್ಮನೆ ಸ್ಟೂಲು ಎಳೆದುಕೊಂಡು ಆ ಖಾಲಿ ಗೂಡಿನ ಎದುರು ಕೂರುವರು. ಅದು ಸಿಗುವವರೆಗೆ ಏಳುತ್ತಿರಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಅಳಿಯನ ಆಸೆ ಒಂದೇ ಆಗಿತ್ತು. ಈ ಮನುಷ್ಯನ ಕೆಲಸ ಕಂಡ ಮೇಲೆ ಊರೆಲ್ಲ ಹೊಗಳಿದರೂ ಅವನಿಗೆ ಸಪ್ಪೆ. ಮಾವ ಒಂದು ಸಂಜೆ ಕೆಳಗೆ ಬಂದು, ಮುಟ್ಟದೆ, ಬಾಗಿಲು ಹಾಕಿ ಎನ್ನಬೇಕು. ಅವತ್ತು ತಾನೂ ಒಬ್ಬ ಕೆಲಸಗಾರ. ಅಲ್ಲಿಯವರೆಗೆ ಬರೀ ಮಗಳ ಗಂಡ.

ಹೀಗಿರುವಾಗ ಕಡವಿನ ದೊಡ್ಡ ದೋಣಿಯ ಕೆಲಸ ಬಂತು. ಆಚೆ ದಡದ ಬಟ್ಟೆ ಕಾರ್ಖಾನೆಗೆ ಹೋಗುವವರನ್ನೆಲ್ಲ ಬೆಳಗ್ಗೆ ದಾಟಿಸುವ ದೋಣಿ ಅದು. ಅಳಿಯನ ಹೆಂಡತಿಯೂ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು, ಅದೇ ದೋಣಿಯಲ್ಲಿ ಹೋಗುವವಳು. ದೋಣಿಯ ಡ್ರೈವರಿಗೆ ಸದಾ ಶಿಳ್ಳೆ ಹಾಕುವ ಚಟ, ಎಲ್ಲರೂ ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು. ಎಂಜಿನ್ನಿಂದ ನೀರು ತಳ್ಳುವ ಹಿಂದಿನ ರೆಕ್ಕೆಗೆ ಹೋಗುವ ದಪ್ಪ ಶಾಫ್ಟು ಕುಲುಕುತ್ತಿದೆ ಎಂದು ಸೀಟಿಯ ದೂರು. ಅಳಿಯ ಸಂಜೆ ದೋಣಿಯ ಹಲಗೆ ಎತ್ತಿ ಒಳಗೆ ತೂರಿದ. ಶಾಫ್ಟಿನ ನಡುವೆ ಎರಡು ಉಕ್ಕಿನ ತಟ್ಟೆಗಳನ್ನು ಬೋಲ್ಟು ಹಾಕಿ ಜೋಡಿಸಿದ ಜಾಗದಲ್ಲಿ ಬೋಲ್ಟುಗಳು ಸಡಿಲವಾಗಿದ್ದವು. ಹೊಟ್ಟೆ ಮೇಲೆ ಮಲಗಿ ಒಂದೊಂದಾಗಿ ಬಿಗಿದ. ಮೇಲೆ ಕೂತ ಸೀಟಿ ತನ್ನ ಭಾಮೈದನ ಮದುವೆಯ ಜಗಳವನ್ನು ವಿಸ್ತಾರವಾಗಿ ಹೇಳುತ್ತಿದ್ದ. ಅಳಿಯ ಹೂಂಗುಟ್ಟುತ್ತಾ ಕೊನೆಯ ಬೋಲ್ಟು ಬಿಗಿದು, ಕೈ ಒರೆಸಲು ಬಟ್ಟೆ ತೆಗೆದುಕೊಂಡು, ಮೇಲೆ ಬಂದು ಹಲಗೆ ಮುಚ್ಚಿದ.

“ಒಂದ್ಸಲ ಓಡಿಸಿ ನೋಡೋಣ,” ಎಂದ.

“ಡೀಸೆಲ್ ಇಲ್ಲ ಮೇಸ್ತ್ರಿ. ಬೆಳಗ್ಗೆ ಹಾಕಿ ಓಡಿಸ್ತೀನಿ, ನೀವು ಮಾಡಿದ ಮೇಲೆ ನೋಡೋದೇನಿದೆ?” ಎಂದ ಸೀಟಿ. ಆ ಹೊಗಳಿಕೆಗೆ ಅಳಿಯ ಉಬ್ಬಿದ.

ವರ್ಕ್‌ಶಾಪಿಗೆ ಬಂದು ಚೀಲ ಬಿಚ್ಚಿದರೆ ಹದಿನೇಳರ ರಿಂಗ್ ಸ್ಪ್ಯಾನರ್ ಇಲ್ಲ. ಚೀಲ ತಲೆಕೆಳಗು ಮಾಡಿದ. ಜೇಬು ನೋಡಿದ. ದೋಣಿಯಿಂದ ಇಳಿಯುವಾಗ ಕಾಲಬುಡದಲ್ಲಿ ನೀರು ಬುಳುಕ್ ಎಂದದ್ದು ನೆನಪಾಯಿತು. ಹೊಳೆಗೆ ಬಿತ್ತು, ಸರಿ, ಹೋದದ್ದು ಹೋಯಿತು ಎಂದು ತಾನೇ ತೀರ್ಮಾನ ಮಾಡಿದ. ಮನುಷ್ಯ ತನಗೆ ಅನುಕೂಲವಾದದ್ದನ್ನು ಎಷ್ಟು ಬೇಗ ನಂಬುತ್ತಾನೆ ನೋಡಿ! ಈಗ ಉಳಿದದ್ದು ಖಾಲಿ ಗೂಡಿನ ಚಿಂತೆ. ಮಾವ ಸ್ಟೂಲು ಎಳೆದುಕೊಂಡು ಕೂತರೆ ಹೊಳೆಯಿಂದ ಎತ್ತಿ ತರುವುದು ಎಲ್ಲಿಂದ? ಎದ್ದೆನೋ ಬಿದ್ದೆನೋ ಎಂದು ಮೂಲೆಯ ಹಾರ್ಡ್‌ವೇರ್ ಅಂಗಡಿಗೆ ಓಡಿದ. ಅದೇ ಅಳತೆಯದೊಂದು ಕೊಂಡು ತಂದು, ಹೊಳಪು ಹೋಗಲೆಂದು ಸುಟ್ಟ ಎಣ್ಣೆ, ಮಸಿ ಎಲ್ಲ ಬಳಿದು, ಗೂಡಿಗೆ ಒತ್ತಿದ. ಒಂದು ಕೂದಲಷ್ಟು ದಪ್ಪವಾಯಿತು. ಅಂಗೈಯಿಂದ ಗುದ್ದಿದ. ಕೂತಿತು.

ಮಾವ ಇಳಿದು ಬಂದರು. ಅಳಿಯನ ಜೀವ ಬಾಯಿಗೆ ಬಂದಿತ್ತು. ಅವರು ಬಾಗಿಲಲ್ಲೇ ನಿಂತು ಗೋಡೆಯ ಮೇಲೆ ಒಂದು ಸಲ ಕಣ್ಣಾಡಿಸಿದರು.

“ಸರಿ, ಬಾಗಿಲು ಹಾಕಿ,” ಎಂದು ಮೇಲೆ ಹೋದರು.

ಮಾವನಿಗೆ ಮಂಡಿ ನೋವಿರಬೇಕು, ನಾನು ಬದುಕಿದೆ ಎಂದುಕೊಂಡ ಅಳಿಯ. ಇಷ್ಟು ದಿನ ಕಾದ ಮಾತು ಅದೇ ಎಂಬುದು ಆ ಹೊತ್ತಿನಲ್ಲಿ ಅವನ ತಲೆಗೆ ಹೊಳೆಯಲೇ ಇಲ್ಲ.

ಬೆಳಗ್ಗೆ ಹೆಂಡತಿ ಡಬ್ಬಿ ಹಿಡಿದು ಕಡವಿಗೆ ಹೋದಳು. ಮಾವ ಎಂದಿನಂತೆ ಎಣ್ಣೆಬಟ್ಟೆ ಹಿಡಿದು ಗೋಡೆಯ ಮುಂದೆ ಕೂತು ಒಂದೊಂದೇ ಸಾಮಾನು ತೆಗೆದು ಒರೆಸತೊಡಗಿದರು. ಅಳಿಯ ಪಕ್ಕದಲ್ಲಿ ಪಂಪೊಂದನ್ನು ಬಿಚ್ಚುತ್ತಿದ್ದ. ಒರೆಸುವ ಸದ್ದು ನಿಂತಿತು. ತಲೆಯೆತ್ತಿ ನೋಡಿದರೆ ಮಾವನ ಬೆರಳು ಹದಿನೇಳರ ಗೂಡಿನ ಮೇಲಿದೆ. ಮೀಟಿದರು. ಬರಲಿಲ್ಲ. ಮತ್ತೆ ಮೀಟಿದರು. ಆಮೇಲೆ ಎರಡೂ ಕೈಯಿಂದ ಕಿತ್ತು ತೆಗೆದು, ಬಟ್ಟೆಯಿಂದ ಮಸಿ ಒರೆಸಿದರು. ಹೊಸ ಉಕ್ಕು ಫಳಫಳ ಹೊಳೆಯಿತು.

“ಇದು ನಮ್ಮದಲ್ಲ. ನಮ್ಮದು ಎಲ್ಲಿ?”

“ಹೊಳೇಲಿ ಬಿತ್ತು ಮಾವ... ನಿನ್ನೆ... ದೋಣಿಯಿಂದ ಇಳೀವಾಗ...”

“ಬಿದ್ದದ್ದು ಕಣ್ಣಾರೆ ಕಂಡ್ರಾ?”

“ಸದ್ದು ಕೇಳಿಸ್ತು.”

“ಕೊನೆ ಸಲ ಕೈಯಲ್ಲಿ ಹಿಡಿದದ್ದು ಎಲ್ಲಿ?”

ಅಳಿಯ ಬಾಯಿ ತೆರೆದ. ಕೊನೆಯ ಬೋಲ್ಟು. ಕೈ ಒರೆಸಲು ಬಟ್ಟೆ ತೆಗೆದುಕೊಂಡದ್ದು ನೆನಪಿದೆ. ಬೋಲ್ಟಿನಿಂದ ಸ್ಪ್ಯಾನರ್ ತೆಗೆದದ್ದು ನೆನಪಿಲ್ಲ. ಸ್ಪ್ಯಾನರ್ ಬೋಲ್ಟಿನ ತಲೆಗೆ ಬಳೆಯಂತೆ ಕಚ್ಚಿಕೊಂಡು ಅಲ್ಲೇ ಕೂತಿದ್ದರೆ, ಗೇರು ಹಾಕಿದ ಕೂಡಲೇ ಶಾಫ್ಟು ಅದನ್ನು ಬೀಸಿ ದೋಣಿಯ ಪಕ್ಕದ ಹಲಗೆಗೆ ಬಡಿಯುತ್ತದೆ. ಆ ಹಲಗೆಯ ಆಚೆ ಇರುವುದು ನೀರು.

ಅವನು ಓಡಿದ. ಒಂದು ಚಪ್ಪಲಿ ಬಾಗಿಲಲ್ಲಿ, ಇನ್ನೊಂದು ಬೀದಿಯ ನಡುವೆ. ಬೀದಿಯ ತುದಿ ಮುಟ್ಟಿದಾಗ ಕೆಳಗೆ ಕಡವಿನಲ್ಲಿ ದೋಣಿ ತುಂಬಿತ್ತು, ಎಂಜಿನ್ ಢಗಢಗ ಎನ್ನುತ್ತಿತ್ತು, ಹಗ್ಗ ಬಿಚ್ಚಿಯಾಗಿತ್ತು. “ಸೀಟೀ! ಗೇರ್ ಹಾಕ್ಬೇಡಾ!” ಎಂದು ಗಂಟಲು ಹರಿಯುವಂತೆ ಕೂಗಿದ. ಸೀಟಿ ಶಿಳ್ಳೆ ಹಾಕುತ್ತಾ ಗೇರಿನ ಹಿಡಿಕೆಗೆ ಕೈ ಇಟ್ಟ. ಮೆಟ್ಟಿಲು ಇನ್ನೂ ಬಹಳ ಇದ್ದವು. ಅಳಿಯನಿಗೆ ತಿಳಿದುಹೋಯಿತು, ತಾನು ಮುಟ್ಟುವುದಿಲ್ಲ.

ಆಗ ದೋಣಿಯಲ್ಲಿದ್ದ ಅವನ ಹೆಂಡತಿ ತಟ್ಟನೆ ಎದ್ದಳು. ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ಅವನ ತಲೆಯ ಮೇಲೆ ಎಲ್ಲೋ. ಎದ್ದವಳೇ ಜನರ ಮಂಡಿಗಳ ಮೇಲೆಯೇ ಹಾದು, ಸೀಟಿಯ ಕೈಯನ್ನು ಗೇರಿನಿಂದ ಕಿತ್ತಳು. ಸೀಟಿ ಬೆಪ್ಪಾಗಿ ಎಂಜಿನ್ ನಿಲ್ಲಿಸಿದ.

ಅಳಿಯ ತಿರುಗಿ ನೋಡಿದ. ಮೇಲಿನ ಮೆಟ್ಟಿಲಲ್ಲಿ ಮಾವ ನಿಂತಿದ್ದರು. ಮಂಡಿ ನೋವಿನ ಆ ಮುದುಕ ಹೇಗೆ ಬಂದರೋ. ಎರಡೂ ತೋಳು ತಲೆಯ ಮೇಲೆ ಎತ್ತಿ ಅಡ್ಡಡ್ಡ ಕಟ್ಟಿದ್ದರು. ಗಿರಣಿಯ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ, ಯಂತ್ರ ನಿಲ್ಲಿಸು.

ಅಳಿಯ ಮೆಟ್ಟಿಲು ಇಳಿದು ದೋಣಿ ಹತ್ತಿ ಹಲಗೆ ಎತ್ತಿದ. ಸ್ಪ್ಯಾನರ್ ಕೊನೆಯ ಬೋಲ್ಟಿನ ಮೇಲೆ, ಹೊಡೆಯಲು ಎತ್ತಿದ ಕೈಯ ಹಾಗೆ ನೆಟ್ಟಗೆ ನಿಂತಿತ್ತು. ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡ ಅಷ್ಟೂ ಜನರ ಮುಖವನ್ನು ಅಳಿಯ ಒಂದೊಂದಾಗಿ ನೋಡಿದ.

“ಯಾರ್ರೀ ಇದನ್ನ ಇಲ್ಲಿ ಬಿಟ್ಟದ್ದು?” ಎಂದ ದೋಣಿಯಲ್ಲಿದ್ದ ಒಬ್ಬ. ಸೀಟಿಯ ಬಾಯಿಂದ ಶಿಳ್ಳೆ ಮಾಯವಾಗಿತ್ತು.

“ನಾನು,” ಎಂದರು ಮೆಟ್ಟಿಲು ಇಳಿದು ಬಂದ ಮಾವ, ಏದುಸಿರು ಬಿಡುತ್ತಾ. “ತಪ್ಪು ನನ್ನದು.”

ಅಳಿಯನಿಗೆ ಒಂದು ಗಳಿಗೆ ಆಸೆಯಾಯಿತು. ಕಂಡವನು ಸೀಟಿಯೊಬ್ಬನೇ, ಇಬ್ಬರೂ ಸುಮ್ಮನಿದ್ದರೆ ಆಯಿತು, ಮುದುಕರ ಮರೆವು ಎಂದು ಜನ ಬಿಟ್ಟುಬಿಡುತ್ತಾರೆ, ವರ್ಕ್‌ಶಾಪಿನ ಹೆಸರೂ ಉಳಿಯುತ್ತದೆ. ಮಾವನ ಮುಖ ನೋಡಿದ. ಸುಮ್ಮನಿರಲು ಆಗಲಿಲ್ಲ.

“ಸುಳ್ಳು! ಅವರು ದೋಣಿಗೆ ಕಾಲೇ ಇಟ್ಟಿಲ್ಲ. ಮರೆತದ್ದು ನಾನು. ಮರೆತದ್ದಲ್ಲದೆ, ಗೊತ್ತಾಗಬಾರದು ಅಂತ ಹೊಸದು ತಂದು ಗೂಡಿಗೆ ಹಾಕಿದವನೂ ನಾನೇ.”

“ನಂದು ಅಂದ್ನಲ್ಲ,” ಎಂದರು ಮಾವ.

“ನಿಮ್ಮದಲ್ಲ ಮಾವ!”

ಸೀಟಿ ಇಬ್ಬರನ್ನೂ ಪಿಳಿಪಿಳಿ ನೋಡಿದ. ತಪ್ಪು ನನ್ನದಲ್ಲ ಎಂದು ಕಿತ್ತಾಡುವವರನ್ನು ಅವನು ದಿನವೂ ಕಾಣುತ್ತಿದ್ದ. ನನ್ನದು ನನ್ನದು ಎಂದು ಜಗ್ಗಾಡುವವರನ್ನು ಕಂಡದ್ದು ಇದೇ ಮೊದಲು.

ಹೆಂಡತಿ ಗಂಡನ ಮುಖ ನೋಡಿದಳು. “ರೀ, ಮನೆಗೆ ಬಂದು ನಿಮ್ಮನ್ನ ವಿಚಾರಿಸ್ಕೋತೀನಿ. ಈಗ ದೋಣಿ ಬಿಡಲಿ, ಎಲ್ಲರಿಗೂ ಹೊತ್ತಾಯ್ತು,” ಎಂದಳು. ಅಳಿಯ ಸ್ಪ್ಯಾನರ್ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಶಾಫ್ಟನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿ, ಎಲ್ಲ ಕಡೆ ತಡವಿ ನೋಡಿ, ಹಲಗೆ ಮುಚ್ಚಿ ಇಳಿದ. ದೋಣಿ ಹೊರಟಿತು. ಅದು ಆಚೆ ದಡ ಮುಟ್ಟುವವರೆಗೆ ಮಾವ, ಅಳಿಯ ಇಬ್ಬರೂ ಕದಲಲಿಲ್ಲ.

ಆಮೇಲೆ ಮಾವ ಮೆಟ್ಟಿಲ ಮೇಲೆ ಕೂತು ಮಂಡಿ ಒತ್ತಿಕೊಂಡರು. ಅಳಿಯ ಒಂದು ಮೆಟ್ಟಿಲು ಕೆಳಗೆ ಕೂತ.

“ನನ್ನ ಮಾನ ಉಳಿಸೋಕೆ ಅಷ್ಟು ಜನರ ಮುಂದೆ ಸುಳ್ಳು ಯಾಕೆ ಹೇಳಿದ್ರಿ ಮಾವ?”

“ಸುಳ್ಳಲ್ಲ, ಅಳಿಯಂದ್ರೇ.” ಅವರು ಹೊಳೆಯನ್ನೇ ನೋಡುತ್ತಿದ್ದರು. “ನಿನ್ನೆ ಸಂಜೆ ಮುಟ್ಟಿದ್ದರೆ ನಿನ್ನೇನೇ ಗೊತ್ತಾಗ್ತಿತ್ತು. ನಾನು ಮುಟ್ಟಲಿಲ್ಲ.”

“ಮಂಡಿ ನೋವಿತ್ತೇನೋ.”

“ಮಂಡಿಗೇನು, ಅದು ದಿನಾ ನೋಯುತ್ತೆ. ಕೆಳಗೆ ಇಳೀತಾ ಯೋಚನೆ ಮಾಡಿದೆ. ಇವರೀಗ ಪಳಗಿದಾರೆ, ಇವರ ಕೈ ಮೇಲೆ ಇನ್ನು ನನ್ನ ಕೈ ಬೇಡ ಅಂತ. ಅದಕ್ಕೇ ಬಾಗಿಲಲ್ಲೇ ನಿಂತೆ.”

ಹೊಳೆ ಹರಿಯುತ್ತಿತ್ತು. ಅಳಿಯ ಸೊಂಟದಿಂದ ಸ್ಪ್ಯಾನರ್ ತೆಗೆದು ಮಾವನ ಕೈಗಿಟ್ಟ.

“ಮಾವ, ಇವತ್ತು ಸಂಜೆ ಮುಟ್ಟಿ ನೋಡಿ. ಒಂದೂ ಬಿಡಬೇಡಿ.”

“ನೋಡ್ತೀನಿ,” ಎಂದರು ಮಾವ.